ಕಾರವಾರದ ಹಳೆಯ ಸೆಡಾನ್ ಶಿರಸಿಗೆ ತರಬಹುದೇ? ಸಾಕಿದವರ ಅನುಭವಗಳು

ಪ್ರಶ್ನೆ, ಶಿರಸಿಯಿಂದ

ಕಾರವಾರದಲ್ಲಿ ಒಬ್ಬರೇ ಮಾಲೀಕರ ಕೈಯಲ್ಲಿ ಓಡಿದ, 2011ರ ನವೆಂಬರ್‌ನಲ್ಲಿ ನೋಂದಣಿಯಾದ 1,200 ಸಿಸಿ ಪೆಟ್ರೋಲ್ ಸೆಡಾನ್ ಒಂದು ನನಗೆ 1,70,000 ರೂಪಾಯಿಗೆ ಸಿಗುವಂತಿದೆ. ಮೀಟರಿನಲ್ಲಿ 78,000 ಕಿ.ಮೀ. ಇದೆ, ಎಂಜಿನ್ ಸದ್ದಿಲ್ಲದೆ ಓಡುತ್ತದೆ, ಬಣ್ಣವೂ ಚೆನ್ನಾಗಿದೆ. ತಿಂಗಳಿಗೆರಡು ಬಾರಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬರುವುದು ಬಿಟ್ಟರೆ ಉಳಿದದ್ದೆಲ್ಲ ಪೇಟೆ ಮತ್ತು ತೋಟದ ಓಡಾಟ. ಇಷ್ಟು ವಯಸ್ಸಾದ ಕಾರಿನಲ್ಲಿ ಯಾವ ಭಾಗಗಳು ಕೈಕೊಡುತ್ತವೆ, ವರ್ಷಕ್ಕೆ ಎಷ್ಟು ಖರ್ಚು ಬರುತ್ತದೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಕಾರವಾರದಿಂದ

ಹೆಚ್ಚುಕಡಿಮೆ ಇದೇ ವಯಸ್ಸಿನ ಸೆಡಾನನ್ನು ಕೋಡಿಬಾಗದಲ್ಲಿ ಒಂಬತ್ತು ವರ್ಷ ಇಟ್ಟುಕೊಂಡವನು ನಾನು. ಎಂಜಿನ್ನಿನ ಸದ್ದು ಕೇಳುವ ಮೊದಲು ಕಾರನ್ನು ಮೇಲೆತ್ತಿಸಿ ಅಡಿಯ ತಗಡನ್ನು ನೋಡಿ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಆದರೆ ಇಂಥ ಕಾರುಗಳಿಗೆ ಲಾರಿಗಿರುವಂತೆ ಬೇರೆ ಚಾಸಿ ಇರುವುದಿಲ್ಲ. ಮೈಯ ತಗಡೇ ಭಾರ ಹೊರುವುದರಿಂದ ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿಯಿತೆಂದರೆ ಅಂದ ಕೆಟ್ಟಿತು ಎಂದಷ್ಟೇ ತಿಳಿಯುವಂತಿಲ್ಲ.

ಸಮುದ್ರದ ಗಾಳಿ ಹೊತ್ತು ತರುವ ಉಪ್ಪು ತಗಡಿನ ಮಡಿಕೆಗಳಲ್ಲಿ ಕೂತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುವುದರಿಂದ, ಮಳೆಗಾಲ ಮುಗಿದು ತಿಂಗಳುಗಳಾದರೂ ಆ ಜಾಗಗಳು ಪೂರ್ತಿ ಒಣಗುವುದಿಲ್ಲ. ಬಾಗಿಲುಗಳ ತಳದಲ್ಲಿ ನೀರು ಇಳಿದುಹೋಗಲು ಇರುವ ಸಣ್ಣ ತೂತುಗಳು ಕಟ್ಟಿಕೊಂಡಿವೆಯೇ, ಜಾಕ್ ಕೊಡುವ ಜಾಗ ಗಟ್ಟಿಯಿದೆಯೇ, ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಪೈಪುಗಳ ಮೇಲೆ ತುಕ್ಕಿನ ಹೊಪ್ಪಳಿಕೆ ಎದ್ದಿದೆಯೇ ಎಂದು ನೋಡಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನು ಎತ್ತಿ ಅದರ ಕೆಳಗೂ ಕೈಯಾಡಿಸಿ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಬಡಿದಾಗ ಗಟ್ಟಿ ತಗಡು ಟಣ್ಣೆನ್ನುತ್ತದೆ, ಒಳಗೆ ತಿಂದುಹೋದದ್ದು ಬೊದ್ದುಸದ್ದು ಕೊಡುತ್ತದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೂರನೆಯ ವರ್ಷ, ಆಗಲೇ ಎದ್ದಿದ್ದ ತುಕ್ಕನ್ನು ಸರಿಯಾಗಿ ಉಜ್ಜಿಸದೆ ಅದರ ಮೇಲೆಯೇ ಕಪ್ಪು ಕೋಟಿಂಗ್ ಹೊಡೆಸಿದೆ. ಹೊರಗಿನ ನೀರು ಒಳಗೆ ಹೋಗದಂತೆ ಅದು ತಡೆಯಿತೋ ಇಲ್ಲವೋ, ಒಳಗಿದ್ದ ತೇವ ಹೊರಗೆ ಬಾರದಂತೆ ಮಾತ್ರ ಚೆನ್ನಾಗಿ ತಡೆಯಿತು. ಎರಡು ವರ್ಷಗಳ ನಂತರ ಆರಿದ್ರಾ ಮಳೆಯಲ್ಲಿ ಚಾಲಕನ ಕಾಲಡಿಯ ಮ್ಯಾಟ್ ಎತ್ತಿದರೆ ರಸ್ತೆ ಕಾಣಿಸಿತು. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆಯಲು 14,000 ರೂಪಾಯಿ ಹೋಯಿತು. ಆದ್ದರಿಂದ ಮಾರುವ ಮುಂಚೆ ಹೊಸದಾಗಿ ಹೊಡೆದ ಕೋಟಿಂಗ್ ಕಂಡರೆ ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ಕಡಿಮೆ ಕಿಲೋಮೀಟರಿಗೆ ಮರುಳಾಗಬೇಡಿ. ಮನೆಯಿಂದ ಕಚೇರಿಗೆ ಮೂರೇ ಕಿ.ಮೀ. ಓಡುವ ಕಾರಿನ ಸೈಲೆನ್ಸರ್, ಒಳಗೆ ಸೇರಿದ ನೀರು ಆವಿಯಾಗುವಷ್ಟು ಬಿಸಿಯಾಗುವುದೇ ಇಲ್ಲ. ನನ್ನದು ಒಳಗಿನಿಂದ ಕೊಳೆತು ಎರಡು ಸಲ ಬದಲಾಯಿತು. ಎ.ಸಿ.ಯ ಕಂಡೆನ್ಸರ್ ಮುಂಭಾಗದಲ್ಲೇ ಇದ್ದು ಉಪ್ಪುಗಾಳಿಗೆ ಮುಖ ಕೊಡುವುದರಿಂದ ತೂತಾಗಿ ಗ್ಯಾಸ್ ಸೋರಿತು, ಅದಕ್ಕೆ 9,500 ರೂಪಾಯಿ. ಬೆಳಿಗ್ಗೆ ಸ್ಟಾರ್ಟ್ ಆಗದ ತೊಂದರೆಗೆ ಸ್ಟಾರ್ಟರ್ ಮೋಟಾರನ್ನೇ ಎರಡು ಬಾರಿ ಬಿಚ್ಚಿಸಿದ ಮೇಲೆ, ದೋಷ ಇದ್ದದ್ದು ಹಸಿರುಗಟ್ಟಿದ ಬ್ಯಾಟರಿ ಅರ್ಥ್ ವಯರಿನಲ್ಲಿ ಎಂದು ತಿಳಿಯಿತು. ಅದರ ಬೆಲೆ 150 ರೂಪಾಯಿ.

ಪೆಟ್ರೋಲ್ ಮತ್ತು ವಿಮೆ ಬಿಟ್ಟು ಒಂಬತ್ತು ವರ್ಷಗಳ ಖರ್ಚನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ: ಒಟ್ಟು 2,61,000 ರೂಪಾಯಿ. ವರ್ಷಕ್ಕೆ 29,000 ಎಂದು ಸರಾಸರಿ ತೆಗೆದರೆ ನೆಮ್ಮದಿಯೆನಿಸಬಹುದು, ಆದರೆ ಖರ್ಚು ಹಾಗೆ ಸಮನಾಗಿ ಬರುವುದಿಲ್ಲ. ಒಂದು ವರ್ಷ 11,000ಕ್ಕೆ ಮುಗಿದರೆ, ಕ್ಲಚ್, ನಾಲ್ಕು ಟೈರು, ಎ.ಸಿ. ಮೂರೂ ಒಟ್ಟಿಗೆ ಬಂದ ವರ್ಷ 61,000 ಆಯಿತು. ಕೊಂಡ ದಿನವೇ 40,000 ರೂಪಾಯಿಯನ್ನು ಬೇರೆ ತೆಗೆದಿಡಲು ಆಗದಿದ್ದರೆ ಹಳೆಯ ಕಾರಿನ ಸಹವಾಸ ಬೇಡ.

ಶಿರಸಿಯಿಂದ

ಉಪ್ಪಿನ ವಿಷಯ ಅವರು ಹೇಳಿದ್ದಾರೆ, ಘಟ್ಟದ ವಿಷಯ ನಾನು ಹೇಳುತ್ತೇನೆ. ಕಾರವಾರದ ಸಮತಟ್ಟು ಪೇಟೆಯಲ್ಲಿ ಎಂದೂ ಬಯಲಿಗೆ ಬಾರದ ರೇಡಿಯೇಟರಿನ ದೋಷ ದೇವಿಮನೆ ಏರುವಾಗ ಬಯಲಾಗುತ್ತದೆ. ಹಿಂದಿನ ಮಾಲೀಕರು ಎಂಜಿನ್ ತಣಿಸುವ ಕೂಲೆಂಟ್ ದ್ರವದ ಬದಲು ಬರೀ ಬಾವಿ ನೀರು ತುಂಬಿಸುತ್ತಿದ್ದ ಕಾರನ್ನು ನಾನು ಕೊಂಡಿದ್ದೆ. ಎರಡನೇ ಗೇರಿನಲ್ಲಿ ಎ.ಸಿ. ಹಾಕಿಕೊಂಡು ಏರುತ್ತಿದ್ದಾಗ ಶಾಖದ ಮುಳ್ಳು ಮೇಲೇರಿತು; ಮುಂದಿನ ತಿರುವಿನಲ್ಲಿ ಜಾಗ ಸಿಗುತ್ತದೆ, ಅಲ್ಲಿ ನಿಲ್ಲಿಸೋಣ ಎಂದು ಎಳೆದೆ. ಆ ಒಂದು ತಿರುವಿಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ತೆಳು ಪದರ) ಹೋಗಿ, ಹೆಡ್ ಮಟ್ಟ ಮಾಡಿಸುವುದೂ ಸೇರಿ 27,000 ರೂಪಾಯಿ ತೆರಬೇಕಾಯಿತು.

ನೋಡಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಆಯಿಲ್ ಮುಚ್ಚಳ ತೆಗೆಯಿರಿ. ಅದರ ಒಳಗೆ ಕೆನೆಯಂಥ ಬಿಳಿ ಪದಾರ್ಥವಿದ್ದರೆ ಗ್ಯಾಸ್ಕೆಟ್ ಬಗ್ಗೆ ಸಂಶಯ ಬರಬೇಕು, ಆದರೆ ಬರೀ ಚಿಕ್ಕ ಓಡಾಟದ ಕಾರಿನಲ್ಲಿ ತೇವದಿಂದಲೂ ಸ್ವಲ್ಪ ಹಾಗೆ ಆಗುತ್ತದೆ. ಕೂಲೆಂಟ್ ಪದೇಪದೇ ಇಳಿಯುತ್ತಿದೆಯೇ, ಓಡುತ್ತಿರುವಾಗ ಅದರ ಡಬ್ಬಿಯಲ್ಲಿ ಗುಳ್ಳೆಗಳೇಳುತ್ತವೆಯೇ ಎಂಬುದನ್ನೂ ನೋಡಿದ ಮೇಲೆಯೇ ತೀರ್ಮಾನಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯದಾದರೆ ಇಳಿಜಾರಿನಲ್ಲಿ ಕುದಿದು ಪೆಡಲ್ ಮೆತ್ತಗಾಗುತ್ತದೆ. ತಂದ ಕೂಡಲೇ ಬದಲಾಯಿಸಿ, ನಂತರ ಎರಡು ವರ್ಷಕ್ಕೊಮ್ಮೆ ಸಾಕು.

ತೋಟದ ದಾರಿಯ ನಡುದಿಣ್ಣೆ ಸೆಡಾನಿನ ಹೊಟ್ಟೆಗೆ ತಾಗುತ್ತದೆ. ಆಯಿಲ್ ಚೇಂಬರಿಗೆ ಕೆಳಗಡೆ ಒಂದು ತಗಡಿನ ರಕ್ಷಣೆ ಕೊಡಿಸಿ. ಅಡಿಕೆ ಅಟ್ಟದ ಕೆಳಗೆ ಕಾರು ನಿಲ್ಲಿಸುವವರಾದರೆ ಇಲಿಗಳನ್ನೂ ಲೆಕ್ಕದಲ್ಲಿಡಿ. ನನ್ನ ಕಾರಿನ ವಯರಿಂಗನ್ನು ಎರಡು ಮಳೆಗಾಲಗಳಲ್ಲಿ ಕಡಿದಿವೆ.

ಕುಮಟಾದಿಂದ

ಕಾಗದಪತ್ರದ ಬಗ್ಗೆ ಮಾತ್ರ ಎರಡು ಮಾತು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುವುದರಿಂದ ನೀವು ಹೇಳಿದ ಕಾರಿನದು 2026ರ ನವೆಂಬರ್‌ವರೆಗೆ ಇರುತ್ತದೆ. ನವೀಕರಣಕ್ಕೆ ಮುಂಚಿನ 60 ದಿನಗಳೊಳಗೆ ಅರ್ಜಿ ಹಾಕಿ ಕಾರನ್ನು ಆರ್‌ಟಿಒ ತಪಾಸಣೆಗೆ ಒಯ್ಯಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ 5,000 ರೂಪಾಯಿ, ಸಿಗುವ ಅವಧಿ ಐದು ವರ್ಷ. ತುಕ್ಕು ಹಿಡಿದ ಅಡಿಭಾಗ ಅಲ್ಲಿಯೂ ತೊಡಕಾಗಬಹುದು. ಥರ್ಡ್ ಪಾರ್ಟಿ ವಿಮೆಗೆ 1,000ದಿಂದ 1,500 ಸಿಸಿವರೆಗಿನ ಕಾರುಗಳಿಗೆ 2022ರ ಜೂನ್‌ನಲ್ಲಿ ನಿಗದಿಯಾದ ದರ 3,416 ರೂಪಾಯಿ, ಜಿಎಸ್‌ಟಿ ಬೇರೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಇಂಧನದ ರಬ್ಬರ್ ಪೈಪುಗಳು ಹಳೆಯವಾದರೆ ಒಮ್ಮೆ ಬದಲಾಯಿಸಿಬಿಡಿ.

ಮತ್ತೆ ಶಿರಸಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞ. ನಿನ್ನೆ ಕಾರವಾರಕ್ಕೆ ಹೋಗಿ ಕಾರನ್ನು ಮೇಲೆತ್ತಿಸಿ ನೋಡಿದೆ. ಕೂಲೆಂಟ್ ಹಸಿರಾಗಿ ಸ್ವಚ್ಛವಾಗಿತ್ತು, ಗುಳ್ಳೆಗಳೇಳಲಿಲ್ಲ. ಸ್ಟೆಪ್ನಿಯ ಕೆಳಗೆ ಮಾತ್ರ ಅಂಗೈಯಷ್ಟು ನೀರು ನಿಂತಿತ್ತು, ಎಡಬದಿಯ ಪಟ್ಟಿಯ ಮೇಲೆ ಹೊಸ ಕಪ್ಪು ಕೋಟಿಂಗ್ ಇತ್ತು. ಹಿಡಿಕೆಯಿಂದ ಬಡಿದಾಗ ಮುಂದಿನ ಬಾಗಿಲಿನಡಿ ಟಣ್ಣೆಂದಿತು, ಹಿಂದಿನ ಬಾಗಿಲಿನಡಿ ಅನ್ನಲಿಲ್ಲ. ಮಾಲೀಕರು 25,000 ಇಳಿಸಲು ಒಪ್ಪಿದ್ದಾರೆ. ಮುಂಗಡ ಕೊಟ್ಟಿಲ್ಲ, ಭಾನುವಾರ ತಗಡಿನ ಕೆಲಸದವರನ್ನು ಜೊತೆಗೆ ಕರೆದುಕೊಂಡು ಹೋಗಿ, ಆ ಕೋಟಿಂಗನ್ನು ಕೆರೆದು ನೋಡಲು ಮಾಲೀಕರಿಂದ ಅನುಮತಿ ಪಡೆದಿದ್ದೇನೆ.