ಡೊಮೇನ್, ಹೋಸ್ಟಿಂಗ್, ಎಸ್‌ಎಸ್‌ಎಲ್: ಕೊಟೇಶನ್‌ನಲ್ಲಿರುವ ಈ ಪದಗಳ ಅರ್ಥ ಏನು?

ಪ್ರಶ್ನೆ: ನಮಸ್ಕಾರ ಸರ್. ಶಿರಸಿ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ವೆಬ್‌ಸೈಟ್ ಮಾಡಿಸೋಣ ಅಂತ ಒಬ್ಬರನ್ನು ಕೇಳಿದ್ದೆವು. ಅವರು ಕಳಿಸಿದ ಕೊಟೇಶನ್‌ನಲ್ಲಿ ಡೊಮೇನ್, ಹೋಸ್ಟಿಂಗ್, ಎಸ್‌ಎಸ್‌ಎಲ್, ಸಿಎಂಎಸ್, ಐದು ಪೇಜ್ ಅಂತೆಲ್ಲ ಇದೆ, ಒಂದೊಂದಕ್ಕೂ ಬೇರೆ ದುಡ್ಡು. ಯಾವುದು ಏನು, ಯಾವುದಕ್ಕೆ ವರ್ಷ ವರ್ಷ ಕಟ್ಟಬೇಕು, ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ನಮಸ್ಕಾರ ಮೇಡಂ. ದುಡ್ಡು ಕೊಡುವ ಮೊದಲೇ ಕೇಳಿದ್ದು ತುಂಬಾ ಒಳ್ಳೇದಾಯಿತು.

ಪೇಜ್ ಅಂದರೆ ತೆರೆಯ ಮೇಲೆ ಒಮ್ಮೆಗೆ ತೆರೆದುಕೊಳ್ಳುವ ಒಂದು ಪುಟ. ರೂಮುಗಳದ್ದು ಒಂದು, ಊಟದ್ದು ಒಂದು, ದಾರಿ ತೋರಿಸುವುದು ಒಂದು. ಒಂದೇ ಹೆಸರಿನಡಿ ಇರುವ ಇಂಥ ಪುಟಗಳೆಲ್ಲ ಸೇರಿದರೆ ವೆಬ್‌ಸೈಟ್, ಮೊದಲು ತೆರೆಯುವುದು ಹೋಮ್ ಪೇಜ್. ಇದಿಷ್ಟು ಸುಲಭ.

ಜನ ಎಡವುವುದು ಡೊಮೇನ್ ಮತ್ತು ಹೋಸ್ಟಿಂಗ್ ಹತ್ತಿರ. ಡೊಮೇನ್ ಅಂದರೆ ಹೆಸರು ಮಾತ್ರ, ಕೊನೆಯಲ್ಲಿ ಡಾಟ್ ಕಾಮ್ ಅಥವಾ ಡಾಟ್ ಇನ್ ಇರುತ್ತಲ್ಲ, ಅದು. ನಿಮ್ಮ ಪುಟಗಳು, ಫೋಟೋಗಳು ಇರುವುದು ಸರ್ವರ್ ಎಂಬ, ದಿನದ 24 ಗಂಟೆಯೂ ಓಡುತ್ತಿರುವ ಕಂಪ್ಯೂಟರಿನಲ್ಲಿ. ಅಲ್ಲಿ ಜಾಗ ಬಾಡಿಗೆಗೆ ತೆಗೆದುಕೊಳ್ಳುವುದೇ ಹೋಸ್ಟಿಂಗ್. ಯಾರಾದರೂ ನಿಮ್ಮ ಹೆಸರು ಟೈಪ್ ಮಾಡಿದಾಗ ಆ ಹೆಸರಿಗೆ ಯಾವ ಸರ್ವರ್ ಅಂತ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಅನ್ನುತ್ತಾರೆ. ಹಾಗಾಗಿ ಹೋಸ್ಟಿಂಗ್ ಕಂಪನಿಯನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಹೆಸರು ಹಾಗೇ ಇರುತ್ತದೆ. ಸಾಮಾನ್ಯವಾಗಿ ಎರಡಕ್ಕೂ ನವೀಕರಣದ ಹಣ ಇರುತ್ತದೆ, ಡೊಮೇನ್ ಅನ್ನು ಬೇಕಿದ್ದರೆ ಒಟ್ಟಿಗೆ 10 ವರ್ಷದವರೆಗೂ ತೆಗೆದುಕೊಳ್ಳಬಹುದು.

ಒಂದು ಮಾತು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಡೊಮೇನ್ ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲ್ ಹಾಕಿಯೇ ನೋಂದಣಿ ಆಗಬೇಕು. ಅದನ್ನು ಮಾರುವ ಕಂಪನಿಯ ಖಾತೆಯ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು. ಸೈಟ್ ಮಾಡುವವರು "ಎಲ್ಲ ನಾವೇ ನೋಡ್ಕೋತೀವಿ" ಅಂತ ತಮ್ಮ ಹೆಸರಿನಲ್ಲಿ ತೆಗೆದುಕೊಂಡರೆ, ನಾಳೆ ಅವರು ಫೋನ್ ಎತ್ತದಿದ್ದಾಗ ಬೋರ್ಡಿನ ಮೇಲೆ, ಕಾರ್ಡಿನ ಮೇಲೆ ಅಚ್ಚು ಹಾಕಿಸಿದ ಹೆಸರು ಕೈಬಿಟ್ಟು ಹೋಗುತ್ತದೆ. ನವೀಕರಿಸದೆ ಬಿಟ್ಟರೆ ಗಡುವು ಕಳೆದ ಮೇಲೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು.

ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು ಯಾಕೆ ಅಂತ ಕೇಳಿ. ಫೋನಿಗೂ ಸರ್ವರ್‌ಗೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದದಂತೆ ಗುಪ್ತವಾಗಿ ಕಳಿಸಲು ಬೇಕಾದ ಪ್ರಮಾಣಪತ್ರ ಅದು. ವಿಳಾಸದ ಶುರುವಿನಲ್ಲಿ ಬರೀ ಎಚ್‌ಟಿಟಿಪಿ ಬದಲು ಎಚ್‌ಟಿಟಿಪಿಎಸ್ ಅಂತ ಬರುವುದು ಇದರಿಂದಲೇ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದಲೂ ಇದನ್ನು ಉಚಿತವಾಗಿ ಕೊಡುತ್ತಿದೆ, ಎಷ್ಟೋ ಹೋಸ್ಟಿಂಗ್ ಕಂಪನಿಗಳು ಅದನ್ನೇ ಹಾಕಿಕೊಡುತ್ತವೆ. ಹೋಮ್‌ಸ್ಟೇ ಸೈಟಿಗೆ ಅಷ್ಟು ಸಾಕು. ಹಾಂ, ಎಚ್‌ಟಿಟಿಪಿಎಸ್ ಇದ್ದ ಮಾತ್ರಕ್ಕೆ ಸೈಟ್ ಪ್ರಾಮಾಣಿಕ ಅಂತ ಅಲ್ಲ, ಮೋಸದ ಸೈಟುಗಳಿಗೂ ಅದು ಸಿಗುತ್ತದೆ.

ಸಿಎಂಎಸ್ ಅಂದರೆ ಕೋಡ್ ಬರೆಯದೆ ನೀವೇ ಒಳಹೋಗಿ ರೇಟು, ಫೋಟೋ ಬದಲಾಯಿಸುವ ಸೌಲಭ್ಯ. ವರ್ಡ್‌ಪ್ರೆಸ್ ಅಂಥದ್ದೇ. ಸೀಸನ್‌ಗೆ ತಕ್ಕ ಹಾಗೆ ರೇಟು ಬದಲಾಗುತ್ತೆ ಅಲ್ವಾ, ನಿಮಗೆ ಇದು ಬೇಕು.

ಇನ್ನೊಬ್ಬರ ಪ್ರಶ್ನೆ: ಸರ್, ಕನ್ನಡ ವಿಕಿಪೀಡಿಯದ ಲಿಂಕ್ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಹಾಕಿದರೆ ಕನ್ನಡದ ಬದಲು ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿ ಉದ್ದಕ್ಕೆ ಬರುತ್ತೆ. ವೈರಸ್ಸಾ?

ಉತ್ತರ: ಅಲ್ಲ, ಹೆದರಬೇಡಿ. ಪುಟದ ಪೂರ್ತಿ ವಿಳಾಸಕ್ಕೆ ಯುಆರ್‌ಎಲ್ ಅನ್ನುತ್ತಾರೆ. ಅದನ್ನು ಕಳಿಸುವಾಗ ಕನ್ನಡ ಅಕ್ಷರಗಳನ್ನು ಸಂಕೇತಕ್ಕೆ ಬದಲಾಯಿಸುತ್ತಾರೆ. ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ ಒಂಬತ್ತು ಚಿಹ್ನೆ ಬೇಕಾಗುತ್ತದೆ. "ಬೆಂಗಳೂರು" ಬರೆದರೆ 72 ಆಗುತ್ತದೆ! ಒತ್ತಿದರೆ ಸರಿಯಾದ ಪುಟವೇ ತೆರೆಯುತ್ತದೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಹೋಮ್‌ಸ್ಟೇ ಬಗ್ಗೆ ಕನ್ನಡದಲ್ಲಿ ನಾನೇ ಬರೆದಿದ್ದೀನಿ, ನುಡಿ ಅಂತ ಕನ್ನಡ ಟೈಪಿಂಗ್ ತಂತ್ರಾಂಶ ಇದೆಯಲ್ಲ, ಅದರ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿದ್ದು. ಹಾಗೇ ಕಳಿಸಬಹುದಾ?

ಉತ್ತರ: ಹಾಗೇ ಕಳಿಸಬೇಡಿ. ಹಳೇ ನುಡಿ ಫಾಂಟಿನ ಬರಹ ವೆಬ್ ಪುಟದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಫೋನು, ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ ಬದಲಾಯಿಸಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಬದಲಾಯಿಸಿದ ಮೇಲೆ ಒಂದು ಸಲ ಪೂರ್ತಿ ಓದಿ, ಅರ್ಕಾವೊತ್ತು ಇರುವ ಕಡೆ ತಪ್ಪಾಗಿರಬಹುದು. ಬರಹವನ್ನು ಫೋಟೋ ಮಾಡಿ ಹಾಕಲು ಮಾತ್ರ ಒಪ್ಪಬೇಡಿ, "ಶಿರಸಿ ಹೋಮ್‌ಸ್ಟೇ" ಅಂತ ಕನ್ನಡದಲ್ಲಿ ಗೂಗಲ್ ಮಾಡುವವರಿಗೆ ನಿಮ್ಮ ಪುಟ ಸಿಗುವುದು ಕಷ್ಟ.