ಕೇಟಿಯಲ್ಲಿ ಮನೆ ನೋಡುತ್ತಿದ್ದೇವೆ, ಪಕ್ಕದ ಬಾರ್ಕರ್ ಡ್ಯಾಮ್ 'ಹೈ ಹಜಾರ್ಡ್' ಅಂತೆ. ಭಯ ಪಡಬೇಕಾ?

ಪ್ರಶ್ನೆ (ಕೇಟಿಗೆ ಹೊಸಬ):
ಎಲ್ಲರಿಗೂ ನಮಸ್ಕಾರ. ಹ್ಯೂಸ್ಟನ್ ಹತ್ತಿರದ ಕೇಟಿಯಲ್ಲಿ ಒಂದು ಮನೆ ನಮಗೆ ತುಂಬಾ ಹಿಡಿಸಿದೆ. ಜಾರ್ಜ್ ಬುಷ್ ಪಾರ್ಕಿಗೆ ಹತ್ತಿರ. ಆ ಪಾರ್ಕ್ ಇರುವುದೇ ಬಾರ್ಕರ್ ಡ್ಯಾಮಿನ ಒಳಗಂತೆ! ಹೋಗಿ ನೋಡಿದರೆ ಬರೀ ಹುಲ್ಲು, ಮರ, ಸೈಕಲ್ ದಾರಿ. ಡ್ಯಾಮಿಗೆ 'ಹೈ ಹಜಾರ್ಡ್' ದರ್ಜೆ ಕೊಟ್ಟಿದ್ದಾರೆ ಅಂತ ಓದಿ ಮನೆಯವರು ಹೆದರಿದ್ದಾರೆ. ಮನೆ ಇರುವುದು ಡ್ಯಾಮಿನ ಕೆಳಗಲ್ಲ, ಮೇಲ್ಗಡೆ, ಅಂದರೆ ನೀರು ಹರಿದು ಬರುವ ಕಡೆ. ಹಾಗಾಗಿ ಚಿಂತೆಯಿಲ್ಲ ಅಲ್ವಾ?

ಉತ್ತರ 1 (ಮಂಡ್ಯದ ಇಂಜಿನಿಯರ್):
ಚಿಂತೆ ಇರುವುದೇ ಮೇಲ್ಗಡೆ, ತಮ್ಮಾ.

ಕೆಆರ್‌ಎಸ್ 124.80 ಅಡಿ ತುಂಬಿದರೆ ನಾವು ಬಾಗಿನ ಕೊಡುತ್ತೇವೆ. ಬಾರ್ಕರ್ ತುಂಬಿದರೆ ಊರಿಗೇ ಆತಂಕ. ಕುಡಿಯಲು, ಬೇಸಾಯಕ್ಕೆ, ಕರೆಂಟಿಗೆ ಇದರಿಂದ ಏನೂ ಇಲ್ಲ. 1935ರ ಪ್ರವಾಹದಲ್ಲಿ ಹ್ಯೂಸ್ಟನ್ ಪೇಟೆ ಮುಳುಗಿದ ಮೇಲೆ ಸೇನೆಯ ಇಂಜಿನಿಯರ್ ವಿಭಾಗ ಕಟ್ಟಿದ ಮಣ್ಣಿನ ಏರಿ ಇದು. 1945ರಲ್ಲಿ ಮುಗಿಯಿತು. ಅದರ ಜೋಡಿ ಆಡಿಕ್ಸ್ 1948ರಲ್ಲಿ. ಮಳೆ ಬಂದಾಗ ತೂಬು ಮುಚ್ಚಿ ನೀರು ತಡೆಯುತ್ತಾರೆ, ಆಮೇಲೆ ಬಫಲೋ ಬಾಯು ಹೊಳೆಗೆ ನಿಧಾನವಾಗಿ ಬಿಡುತ್ತಾರೆ. ಹೊಳೆಯಲ್ಲಿ ಸಾಮಾನ್ಯವಾಗಿ 2,000 ಕ್ಯುಸೆಕ್ ದಾಟದಂತೆ ನೋಡಿಕೊಳ್ಳುತ್ತಾರೆ.

ಇನ್ನು ದರ್ಜೆ. 'ಹೈ ಹಜಾರ್ಡ್' ಅಂದರೆ ಡ್ಯಾಮ್ ಬಿರುಕು ಬಿಟ್ಟಿದೆ ಅಂತಲ್ಲ. ಒಡೆದರೆ ಕೆಳಗಿನ ಜನರ ಜೀವ ಹೋಗುವ ಸಂಭವ ಇದೆ ಅಂತ ಅಷ್ಟೇ. ನಿನ್ನೆ ಕಟ್ಟಿದ ಗಟ್ಟಿ ಡ್ಯಾಮಿಗೂ ಅದು ಸಿಗಬಹುದು. ಡ್ಯಾಮಿನ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬೇರೆ ದರ್ಜೆ ಇದೆ, 1ರಿಂದ 5ರವರೆಗೆ. 1 ಅಂದರೆ ಅತಿ ತುರ್ತು. 2009ರಲ್ಲಿ ಈ ಎರಡೂ ಡ್ಯಾಮುಗಳಿಗೆ 1 ಕೊಟ್ಟಿದ್ದರು. ತೂಬಿನ ಸುತ್ತ ನೀರು ಜಿನುಗುವುದು ಒಂದು ಕಾರಣ, ಕೆಳಗೆ ಇಡೀ ಹ್ಯೂಸ್ಟನ್ ಇರುವುದು ಇನ್ನೊಂದು. ಆಮೇಲೆ ಹೊಸ ತೂಬು ಕಟ್ಟಿದ್ದಾರೆ.

ಆದರೆ ನಿಮ್ಮ ಮನೆಗೆ ಈ ಯಾವ ದರ್ಜೆಯೂ ಉತ್ತರ ಕೊಡುವುದಿಲ್ಲ. ಬಾರ್ಕರ್ ಒಳಗೆ ಸರ್ಕಾರ ಜಮೀನು ಕೊಂಡಿದ್ದು ಸಮುದ್ರಮಟ್ಟದಿಂದ ಸುಮಾರು 95 ಅಡಿ ಎತ್ತರದವರೆಗೆ. ನೀರು ಅದಕ್ಕಿಂತ ಮೇಲೆ ನಿಲ್ಲಬಲ್ಲದು. ನಡುವಿನ ಜಾಗದಲ್ಲಿ ಬಡಾವಣೆಗಳು ಎದ್ದಿವೆ. 2017ರ ಹಾರ್ವಿ ಚಂಡಮಾರುತದಲ್ಲಿ ನೀರು 101 ಅಡಿ ದಾಟಿತು. ಏರಿ ಗಟ್ಟಿಯಾಗಿ ನಿಂತಿತ್ತು, ಮನೆಗಳು ಮುಳುಗಿದವು.

ಉತ್ತರ 2 (ಶಿವಮೊಗ್ಗದ ಅಕ್ಕ):
ಆ ಮುಳುಗಿದ ಮನೆಗಳಲ್ಲಿ ನಮ್ಮದೂ ಒಂದು. ಮಳೆ ನಿಂತ ಮೇಲೂ ನೀರು ಏರುತ್ತಲೇ ಇತ್ತು. ಸೊಂಟದವರೆಗೆ ಬಂತು. ಇದು ಡ್ಯಾಮಿನ ಹಿನ್ನೀರಿನ ಜಾಗ ಅಂತ ಮಾರಿದವರು ಬಾಯಿ ಬಿಟ್ಟಿರಲಿಲ್ಲ. ಪ್ರವಾಹದ ನಕ್ಷೆಯಲ್ಲಿ ನಮ್ಮ ಬೀದಿ ಅಪಾಯದ ವಲಯದ ಹೊರಗಿತ್ತು, ಸಾಲ ಕೊಟ್ಟವರೂ ವಿಮೆ ಕೇಳಲಿಲ್ಲ. ನಾವೂ ಮಾಡಿಸಲಿಲ್ಲ. ಮೇಲ್ಗಡೆ ಮುಳುಗಿದವರ ನಷ್ಟಕ್ಕೆ ಸರ್ಕಾರವೇ ಹೊಣೆ ಅಂತ 2019ರ ಡಿಸೆಂಬರಿನಲ್ಲಿ ಕೋರ್ಟ್ ಹೇಳಿತು. ಮಕ್ಕಳ ಫೋಟೋ ಆಲ್ಬಂ ಯಾವ ಕೋರ್ಟ್ ತಂದುಕೊಡುತ್ತದೆ?

ಕೇಟಿಗೆ ಹೊಸಬ:
ಅಕ್ಕಾ, ಓದಿ ಹೊಟ್ಟೆ ತೊಳಸಿದಂತಾಯಿತು. ನಾವು ಏನು ಕೇಳಬೇಕು ಹೇಳಿ.

ಉತ್ತರ 3 (ಮಂಡ್ಯದ ಇಂಜಿನಿಯರ್):
ಮನೆಯ ನೆಲ ಸಮುದ್ರಮಟ್ಟದಿಂದ ಎಷ್ಟು ಅಡಿ ಅಂತ ಕೇಳಿ, ಬರವಣಿಗೆಯಲ್ಲಿ. ಮನೆ ಜಲಾಶಯದ ಹಿನ್ನೀರಿನ ವಲಯದಲ್ಲಿದೆಯಾ ಅಂತ ಮಾರುವವರು ತಿಳಿಸಲೇಬೇಕು, ಟೆಕ್ಸಸ್‌ನಲ್ಲಿ 2019ರಿಂದ ಅದು ಕಾನೂನು. ಬಡಾವಣೆಯ ನಕ್ಷೆಯ ಸಣ್ಣ ಅಕ್ಷರವನ್ನೂ ಬಿಡಬೇಡಿ, ಫೋರ್ಟ್ ಬೆಂಡ್ ಕೌಂಟಿಯ ಕೆಲವು ನಕ್ಷೆಗಳಲ್ಲಿ ಬಾರ್ಕರ್ ನೀರು ನಿಲ್ಲಬಹುದು ಅಂತ ಬರೆದೇ ಇದೆ. ಕೊಂಡರೆ ಪ್ರವಾಹ ವಿಮೆ ಮಾಡಿಸಿ. ಅದು ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ, ಚಂಡಮಾರುತದ ಸುದ್ದಿ ಬಂದಾಗ ಓಡಿದರೆ ಆಗುವುದಿಲ್ಲ. ನೆಲ 101ಕ್ಕಿಂತ ಕೆಳಗಿದ್ದರೆ ನಾನಂತೂ ಕೊಳ್ಳುವುದಿಲ್ಲ.