ಕಾರ್ಟೂನ್ ಬೆಕ್ಕು ಡೋರೆಮಾನ್ ತಿನ್ನೋ ‘ಡೋರಾ ಕೇಕ್’ ಒಳಗೆ ಇರೋದು ಕಾಳಿನ ಹೂರಣನಾ?

ಕೋಲಾರದ ಸೊಸೆ:
ನಮ್ಮ ಮನೆಯವರು ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಜಪಾನಿನಿಂದ ಬಂದಿದ್ದ ಇಂಜಿನಿಯರ್ ಒಬ್ಬರು ಹೋದ ವಾರ ಒಂದು ಡಬ್ಬಿ ಸ್ವೀಟ್ ಕೊಟ್ಟರು. ಅಂಗೈ ಅಗಲದ ಎರಡು ಮೆತ್ತನೆ ಕಂದು ದೋಸೆ, ಮಧ್ಯೆ ಕಪ್ಪಗೆ ಏನೋ. ನನ್ನ ಮಗ ನೋಡಿದ್ದೇ ತಡ, ‘ಡೋರಾ ಕೇಕ್!’ ಅಂತ ಕುಣಿದ. ಚಾಕೊಲೇಟ್ ಅಂದುಕೊಂಡು ಕಚ್ಚಿದವನ ಮುಖ ಸಪ್ಪಗಾಯಿತು, ಒಳಗೆ ಕಾಳು! ಅತ್ತೆ ಮಾತ್ರ ಚೂರು ಬಾಯಿಗೆ ಹಾಕಿಕೊಂಡು ‘ಇದು ನಮ್ಮ ಒಬ್ಬಟ್ಟಿನ ಹೂರಣವೇ ಕಣೇ, ಏಲಕ್ಕಿ ಮರೆತಿದ್ದಾರೆ’ ಅಂದರು. ಮೊಟ್ಟೆ ಇರುತ್ತೆ ಅಂತ ಗೊತ್ತಾದ ಮೇಲೆ ಆ ಕಡೆ ತಿರುಗಿ ನೋಡಲಿಲ್ಲ. ಅದು ಯಾವ ಕಾಳು? ಅವರ ಹಬ್ಬದ ಅಡುಗೆನಾ? ಮೊಟ್ಟೆ ಇಲ್ಲದೆ ಮಾಡಬಹುದಾ?

ಮಾಲೂರು ಮಾವ:
ನಾನು ಟೋಕಿಯೋ ಹತ್ತಿರ ಎರಡು ವರ್ಷ ಇದ್ದೆ. ಅದರ ಹೆಸರು ಡೊರಯಾಕಿ. ‘ಡೊರಾ’ ಅಂದರೆ ಜಾಗಟೆ, ನಮ್ಮ ದೇವಸ್ಥಾನದಲ್ಲಿ ಬಾರಿಸ್ತಾರಲ್ಲ, ಅಂಥದ್ದೇ. ಬೆಂಕೆಯ್ ಅನ್ನೋ ವೀರ ರೈತನ ಮನೆಯಲ್ಲಿ ಜಾಗಟೆ ಬಿಟ್ಟುಹೋದನಂತೆ, ರೈತ ಅದನ್ನೇ ಕಾವಲಿ ಮಾಡಿಕೊಂಡು ಇದನ್ನು ಸುಟ್ಟನಂತೆ. ಕಥೆ, ಸುಮ್ನೆ ಕೇಳಿಕೊಳ್ಳಿ. ಮೊದಲು ಒಂದೇ ಪದರ ಇತ್ತು, ಈಗಿನ ಎರಡು ಪದರದ ರೂಪ ಟೋಕಿಯೋದ ಉಏನೋದಲ್ಲಿರುವ ಉಸಾಗಿಯಾ ಅಂಗಡಿಯಲ್ಲಿ 1914ರಲ್ಲಿ ಶುರುವಾಯಿತು ಅಂತಾರೆ. ನಾರಾ, ಒಸಾಕಾ ಕಡೆ ಇದನ್ನೇ ‘ಮಿಕಸಾ’ ಅನ್ನುತ್ತಾರೆ, ಅಲ್ಲಿನ ಬೆಟ್ಟದ ಹೆಸರು. ನಿಮ್ಮ ಮಗನಿಗೆ ಹೇಳಿ, ತಿಂಡಿಗೆ ಡೋರೆಮಾನ್ ಹೆಸರು ಇಟ್ಟಿದ್ದಲ್ಲ. ಅವನ ಹೆಸರು ‘ಡೊರಾನೆಕೊ’, ಅಂದರೆ ಬೀದಿ ಬೆಕ್ಕು ಅನ್ನೋದರಿಂದ ಬಂದದ್ದು!

ಕಾಳಿನ ಹೆಸರು ಅಜುಕಿ. ಕೆಂಪು ಬಣ್ಣ, ನಮ್ಮ ಹೆಸರುಕಾಳು, ಅಲಸಂದೆಯ ಸಂಬಂಧಿ. ಬೇಯಿಸಿ ಸಕ್ಕರೆ ಹಾಕಿ ಮಗಚಿದರೆ ‘ಅಂಕೊ’. ಕಾಳು ಕಾಣೋ ಹಾಗೆ ಬಿಟ್ಟರೆ ‘ತ್ಸುಬುಅನ್’, ಸಿಪ್ಪೆ ತೆಗೆದು ನುಣ್ಣಗೆ ಮಾಡಿದರೆ ‘ಕೊಶಿಅನ್’. ಡೊರಯಾಕಿಗೆ ಜಾಸ್ತಿ ಮೊದಲನೆಯದೇ.

ಬೇಕರಿ ಬಾಗಿಲು:
ಒಬ್ಬಟ್ಟಿಗೆ ಹೋಲಿಸಬೇಡಿ ಪ್ಲೀಸ್. ಒಬ್ಬಟ್ಟು ಯುಗಾದಿಗೆ, ಬಿಸಿಬಿಸಿ, ತುಪ್ಪ ಸುರಿದುಕೊಂಡು, ಮಾರನೇ ದಿನ ಒಬ್ಬಟ್ಟಿನ ಸಾರು. ಡೊರಯಾಕಿ ಹಾಗಲ್ಲ, ಯಾವತ್ತು ಬೇಕಾದರೂ ಅಂಗಡಿಯಲ್ಲಿ ಸಿಗುತ್ತೆ, ಆರಿದ್ದನ್ನೇ ಕಹಿ ಗ್ರೀನ್ ಟೀ ಜೊತೆ ತಿನ್ನುತ್ತಾರೆ, ಯಾರನ್ನಾದರೂ ನೋಡೋಕೆ ಹೋಗುವಾಗ ಡಬ್ಬಿ ಕಟ್ಟಿಸಿಕೊಂಡು ಹೋಗುತ್ತಾರೆ. ನನ್ನ ಪ್ರಕಾರ ಅದು ನಮ್ಮ ಬೇಕರಿ ದಿಲ್‌ಪಸಂದ್‌ನ ಸ್ಥಾನದಲ್ಲಿದೆ. ಕೊಬ್ಬರಿ ಬದಲು ಕಾಳು, ಅಷ್ಟೆ.

ಮಾಲೂರು ಮಾವ:
ದಿಲ್‌ಪಸಂದ್ ಹೋಲಿಕೆ ಸರಿ ಇದೆ ಗುರು, ನನಗೆ ಹೊಳೆದಿರಲಿಲ್ಲ. ಆದರೆ ಹೂರಣಕ್ಕೆ ಹಬ್ಬದ ನಂಟು ಇದ್ದೇ ಇದೆ. ಮಾರ್ಚ್, ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮ ಆಗೋ ಸಮಯಕ್ಕೆ ‘ಹಿಗಾನ್’ ಅಂತ ಬರುತ್ತೆ, ಸಮಾಧಿಗೆ ಹೋಗಿ ಹಿರಿಯರನ್ನು ನೆನೆಯುತ್ತಾರೆ. ಅವತ್ತು ಅನ್ನದ ಉಂಡೆಗೆ ಇದೇ ಅಂಕೊ ಮೆತ್ತಿ ‘ಒಹಾಗಿ’ ಮಾಡಿ ಎಡೆ ಇಡುತ್ತಾರೆ. ಸೆಪ್ಟೆಂಬರಿನದು ಹೆಚ್ಚುಕಮ್ಮಿ ನಮ್ಮ ಪಿತೃಪಕ್ಷದ ಹೊತ್ತಿಗೇ ಬೀಳುತ್ತೆ. ಅಜುಕಿಯ ಕೆಂಪು ಕೆಟ್ಟದ್ದನ್ನು ಓಡಿಸುತ್ತೆ ಅನ್ನೋ ನಂಬಿಕೆ ಹಳೆಯದು.

ಅಲಸಂದೆ ಅಕ್ಕ:
ಇತಿಹಾಸ ಆಯಿತಲ್ಲ, ಅಡುಗೆಗೆ ಬನ್ನಿ. ಅಜುಕಿ ಹುಡುಕಬೇಡಿ, ಸಂತೆಯಲ್ಲಿ ಕೆಂಪು ಅಲಸಂದೆ ತನ್ನಿ. ಒಂದು ಕುದಿ ಬಂದ ಮೇಲೆ ಆ ನೀರು ಚೆಲ್ಲಿ, ಒಗರು ಹೋಗುತ್ತೆ. ಹೊಸ ನೀರಿನಲ್ಲಿ ಬೆರಳಲ್ಲಿ ಹಿಚುಕಿದರೆ ಪುಡಿಯಾಗೋ ತನಕ ಬೇಯಿಸಿ. ಸಕ್ಕರೆ ಆಮೇಲೆ, ಬೇಯೋಕೆ ಮುಂಚೆ ಹಾಕಿದರೆ ಕಾಳು ಗಟ್ಟಿಯಾಗಿಬಿಡುತ್ತೆ. ಒಣ ಕಾಳಿನ ತೂಕಕ್ಕೆ ಸ್ವಲ್ಪ ಕಮ್ಮಿ ಸಕ್ಕರೆ, ಚಿಟಿಕೆ ಉಪ್ಪು. ದೋಸೆಗೆ ಮೈದಾ, ಹಾಲು, ಎರಡು ಚಮಚ ಮೊಸರು, ಚಿಟಿಕೆ ಸೋಡಾ, ಜೇನುತುಪ್ಪ. ಜೇನು ಬಿಡಬೇಡಿ, ಆ ಕಂದು ಬಣ್ಣ ಬರೋಕೆ ಅದು ಬೇಕು. ಕಾವಲಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಪೂರ್ತಿ ಒರೆಸಿಬಿಡಿ, ಇಲ್ಲದಿದ್ದರೆ ಚುಕ್ಕೆ ಚುಕ್ಕೆ ಆಗುತ್ತೆ. ಸಣ್ಣ ಉರಿ, ಗುಳ್ಳೆ ಬಂದಾಗ ತಿರುವಿ. ಮೊಟ್ಟೆ ಹಾಕಿದಷ್ಟು ಉಬ್ಬಲ್ಲ, ಅದನ್ನು ಮೊದಲೇ ಹೇಳಿದ್ದೇನೆ.

ಕೋಲಾರದ ಸೊಸೆ:
ಭಾನುವಾರ ಮಾಡಿದೆ ಅಕ್ಕಾ! ಮೊದಲ ಮೂರು ಸೀದವು, ಆಮೇಲೆ ಬಣ್ಣ ಸರಿ ಬಂತು. ನಾನು ಆ ಕಡೆ ತಿರುಗೋದರೊಳಗೆ ಅತ್ತೆ ಹೂರಣಕ್ಕೆ ಏಲಕ್ಕಿ ಪುಡಿ ಹಾಕಿಬಿಟ್ಟಿದ್ದರು. ಮಗ ಎರಡು ತಿಂದು, ‘ಮುಂದಿನ ಸಲ ಚಾಕೊಲೇಟ್ ಹಾಕು’ ಅಂದ.